ಗುಲಾಬಿಯ ಆರನೆಯ ಸುಳಿ

ನನ್ನ ದಿನಚರಿಯಲ್ಲಿ ಸುಳ್ಳಿಗೆ ಜಾಗವಿಲ್ಲ. ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಪುಟ ಓದಿದೆ, ನಮ್ಮ ಮೋತ್ಯಾ ನಾಯಿ ಅಂಚೆಯವನನ್ನು ನೋಡಿ ಎಷ್ಟು ಸಲ ಬೊಗಳಿತು, ಎಲ್ಲವನ್ನೂ ಅಂದಂದೇ ಬರೆದಿಡುತ್ತೇನೆ. ಇಷ್ಟು ಲೆಕ್ಕವಾಗಿ ಬದುಕುವವನ ಕೈಯಿಂದ ದೊಡ್ಡ ತಪ್ಪು ಆಗಲಾರದು ಎಂದು ನಾನು ಬಹಳ ದಿನ ನಂಬಿದ್ದೆ.

ಆಗ ನಾನು ಧಾರವಾಡದ ಸಪ್ತಾಪುರದಲ್ಲಿ ಒಂದು ಕೋಣೆ ಹಿಡಿದು ಚಿತ್ರಕಲೆಯ ಪರೀಕ್ಷೆಗೆ ಓದುತ್ತಿದ್ದೆ. ಮನುಷ್ಯರ ಚಿತ್ರ ನನಗೆ ಆಗಿಬರುತ್ತಿರಲಿಲ್ಲ. ತೆಗೆಸಿಕೊಂಡವರು ಚಿತ್ರ ನೋಡಿದ ಮೇಲೆ ಮಾತು ಬಿಡುತ್ತಿದ್ದರು. ಪ್ರಾಣಿಗಳು ಹಾಗಲ್ಲ, ದೊಡ್ಡ ಮನಸ್ಸಿನವು. ಹೀಗಾಗಿ ನಾನು ಪ್ರಾಣಿಗಳ ಚಿತ್ರಕಾರನಾದೆ.

ಕೋಣೆಯ ಹಿಂದಿನ ಹಿತ್ತಲಿನಲ್ಲಿ ಟಾಂಗಾ ಹೊಡೆಯುವ ಖಾದರಸಾಬರೂ ಅವರ ಹೆಂಡತಿ ಹುಸೇನಬಿಯೂ ಇದ್ದರು. ಅವರ ಹೆಣ್ಣು ಕುದುರೆಯ ಹೆಸರು ಗುಲಾಬಿ. ಹನ್ನೊಂದು ವರ್ಷ ಟಾಂಗಾ ಎಳೆದ ಜೀವ. ಅದಕ್ಕೂ ಮೋತ್ಯಾನಿಗೂ ಎಂಥ ಗೆಳೆತನವೆಂದರೆ, ನಾನು ಹಾಕಿದ ರೊಟ್ಟಿಯನ್ನು ಮೋತ್ಯಾ ಕುದುರೆಯ ಕಾಲ ಬುಡಕ್ಕೆ ಒಯ್ದೇ ತಿನ್ನುತ್ತಿದ್ದ.

ಹುಬ್ಬಳ್ಳಿ ಧಾರವಾಡದ ನಡುವೆ ಮೋಟಾರು ಬಸ್ಸುಗಳು ಹೆಚ್ಚಿದವು. ಟಾಂಗಾ ಏರುವವರು ಕಡಿಮೆಯಾದರು. ಖಾದರಸಾಬರು ಅಳಿಯನ ಸೈಕಲ್ ಅಂಗಡಿಯಲ್ಲಿ ಕೂಡಲು ಒಪ್ಪಿಕೊಂಡರು. ಆದರೆ ಗುಲಾಬಿಯ ಗತಿ ಏನು? ಕೊಳ್ಳಲು ಕೇಳಿದವರು ಇಬ್ಬರು. ಒಬ್ಬ ಬೆಂಗೇರಿಯ ಕಲ್ಲುಗಾಡಿಯವನು. ಅವನ ಗಾಡಿಗೆ ಕಟ್ಟಿದ ಕುದುರೆ ಎರಡನೆಯ ಮಳೆಗಾಲ ಕಂಡದ್ದಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಇನ್ನೊಬ್ಬರು ಶಿರಗುಪ್ಪಿಯ ಗೌಡರು. ಮೊಣಕಾಲು ಹಿಡಿದಿದ್ದರಿಂದ ಹೊಲ ಸುತ್ತಲು ಒಂದು ಸಾಧು ಕುದುರೆ ಅವರಿಗೆ ಬೇಕಾಗಿತ್ತು. "ನಾನು ಬರಾಕ ಆಗೂದಿಲ್ಲ. ಕುದುರಿ ಹೆಂಗೈತಿ, ಸುಳಿ ಎಲ್ಲೆಲ್ಲಿ ಅದಾವು, ಬರದು ಕಳಸ್ರಿ" ಎಂದು ಹೇಳಿಕಳಿಸಿದ್ದರು.

ಕುದುರೆ ಕೊಳ್ಳುವವರು ಮೈಮೇಲಿನ ಕೂದಲಿನ ಸುಳಿ ನೋಡದೆ ಕೊಳ್ಳುವುದಿಲ್ಲ. ಇಂಥ ಕಡೆ ಇದ್ದರೆ ಶುಭ, ಇಂಥ ಕಡೆ ಇದ್ದರೆ ಮನೆ ಹಾಳು.

"ಬರೆಯೋದು ಯಾಕ್ರೀ ಖಾದರಸಾಬ್? ಚಿತ್ರಾನ ತಗದು ಕಳಸೋಣ!" ಎಂದೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ.

ಖಾದರಸಾಬರ ಮುಖ ಅರಳಿತು. "ಹಂಗಂದ್ರ ಒಂದ್ ನಾಕ್ ವರ್ಷ ಕಡಿಮಿ ಮಾಡಿ ತಗೀರಿ, ಮಾಸ್ತರ್ರ."

"ಕಲೆಗೆ ಸುಳ್ಳು ಹೇಳಾಕ ಬರೂದಿಲ್ಲ."

"ಕಲೆಗೆ ಬರದಿದ್ರ ನೀವರ ಹೇಳ್ರಲ್ಲಾ!" ಎಂದರು ಹುಸೇನಬಿ ಒಳಗಿನಿಂದ.

ಸೋಮವಾರ ಕೆಲಸ ಶುರುವಾಯಿತು. ಗುಲಾಬಿ ನಿಂತಲ್ಲಿ ನಿಲ್ಲಲೆಂದು ಬೆಲ್ಲ ತಿನ್ನಿಸಿದೆ. ಅದೇ ಕೈಯಿಂದ ಕಾಗದ ಹಿಡಿದೆ. ಅರ್ಧ ಚಿತ್ರವಾಗುವಷ್ಟರಲ್ಲಿ ಗುಲಾಬಿ ಕತ್ತು ಚಾಚಿ, ತನ್ನ ಚಿತ್ರವನ್ನು ತಾನೇ ಸಾವಕಾಶವಾಗಿ ತಿಂದು ಮುಗಿಸಿತು. ಮಂಗಳವಾರ ಮೋತ್ಯಾ ಬಣ್ಣದ ನೀರು ಕುಡಿದು ಸಂಜೆಯವರೆಗೆ ನೀಲಿ ನಾಲಿಗೆ ಹೊತ್ತು ತಿರುಗಿದ. ಬುಧವಾರ ಚಿತ್ರ ಮುಗಿಯಿತು. ನನ್ನ ಕಣ್ಣಿಗೆ ಅದು ಸಾಕ್ಷಾತ್ ಗುಲಾಬಿ!

ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಆದರೆ ನಾನು ಕ್ರಮದ ಮನುಷ್ಯ. ಮೂಗಿನಿಂದ ಬಾಲದವರೆಗೆ ಇಂಚಿಂಚು ಹುಡುಕಿ ಸುಳಿಗಳನ್ನು ಎಣಿಸಿದೆ. ಹಣೆಗೆ ಒಂದು, ಕತ್ತಿನ ಎರಡು ಬದಿಗೆ ಎರಡು, ಎದೆಗೆ ಒಂದು, ಪಕ್ಕೆಗೆ ಒಂದು. ಎಡಗಣ್ಣಿನ ಕೆಳಗೆ ಒಂದು ಸಣ್ಣದು. ಒಟ್ಟು ಆರು. ಪ್ರತಿ ಸುಳಿಗೂ ಗೆರೆ ಎಳೆದು ನಂಬರು ಹಾಕಿದೆ. ಕೆಳಗೆ "ಎಲ್ಲವೂ ಖುದ್ದು ಪರೀಕ್ಷಿಸಿದ್ದು" ಎಂದು ಬರೆದು ಸಹಿ ಮಾಡಿದೆ. ಅಂದೇ ಶಿರಗುಪ್ಪಿಯ ಕಡೆ ಹೊರಟ ಅರಳೆ ಗಾಡಿಯವನ ಕೈಯಲ್ಲಿ ಕಳಿಸಿಯೂ ಬಿಟ್ಟೆ. ಖಾದರಸಾಬರು ಹಿಂದಿನ ದಿನವೇ ಗುಲಾಬಿಯನ್ನು ಮನೆಯಲ್ಲಿ ಬಿಟ್ಟು, ಅಳಿಯನ ಅಂಗಡಿಗೆಂದು ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿದ್ದರು. ಅವರಿಗೆ ತೋರಿಸುವ ಅವಶ್ಯಕತೆ ನನಗೆ ಕಾಣಲಿಲ್ಲ.

ಶುಕ್ರವಾರ ಚಿತ್ರ ತಿರುಗಿ ಬಂತು, ಚೀಟಿಯ ಸಮೇತ. "ಆರನೇ ನಂಬರು ನೋಡಿದಿವಿ. ಕುದುರಿ ಬ್ಯಾಡ. ಚಿತ್ರಾನೂ ಮನ್ಯಾಗ ಇಟಗೊಳ್ಳೂದು ಛಲೋ ಅಲ್ಲಂತ ಅವ್ವ ಹೇಳ್ಯಾಳ."

ಖಾದರಸಾಬರು ಚೀಟಿ ಓದಿಸಿಕೊಂಡು, ಗುಲಾಬಿಯ ಎಡಗಣ್ಣಿನ ಕೆಳಗೆ ನೋಡಿದರು. ಅಲ್ಲಿ ಸುಳಿ ಇತ್ತು. ಅವರು ಹಾಗೇ ಕೆಳಗೆ ಕುಳಿತರು.

"ಕಣ್ಣೀರ ಸುಳಿ, ಮಾಸ್ತರ್ರ! ಇಂಥಾ ಕುದುರಿ ಇದ್ದ ಮನ್ಯಾಗ ಅಳೂದು ನಿಲ್ಲೂದಿಲ್ಲ. ಹನ್ನೊಂದ್ ವರ್ಷ ನನ್ನ ಕಣ್ಣಿಗೆ ಹೆಂಗ ಬೀಳಲಿಲ್ಲ ಇದು?" ಬೆರಳು ಮಡಚಿ ಎಣಿಸತೊಡಗಿದರು. "ಅದಕ್ಕ ಮೋಟಾರು ಬಂತು. ಅದಕ್ಕ ಮಾಳಗಿ ಸೋರತೈತಿ. ಅದಕ್ಕ ನನ್ನ ಹೆಂಡ್ತಿ ತಮ್ಮ ನಮ್ಮನ್ಯಾಗ ಬಂದು ಕುಂತ."

"ನನ್ನ ತಮ್ಮನ ಸುದ್ದಿ ಬ್ಯಾಡ!" ಎಂದರು ಹುಸೇನಬಿ. ಆಮೇಲೆ ಅವರ ದನಿ ಇಳಿಯಿತು. "ಸೋಮವಾರ ಕಲ್ಲುಗಾಡ್ಯಾಂವ ಬರ್ತಾನಲ್ರೀ. ಅಂವಗ ಸುಳಿ ಬೇಕಾಗಿಲ್ಲ, ಕಾಲಿದ್ರ ಸಾಕು."

ನನಗೆ ಅಂದು ಊಟ ಸೇರಲಿಲ್ಲ. ದಿನಚರಿಯಲ್ಲಿ ಇದೆ: ರೊಟ್ಟಿ, ಅರ್ಧ.

ತಪ್ಪನ್ನು ತಿದ್ದಲು ಕುಳಿತೆ. ಚಿತ್ರದ ಆರನೆಯ ಸುಳಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಬಣ್ಣ ಕರಗಿ ಕೆನ್ನೆಗೆ ಇಳಿಯಿತು. ಈಗ ಕುದುರೆ ನಿಜವಾಗಿಯೂ ಅಳುತ್ತಿತ್ತು! ಅದನ್ನು ಮುಚ್ಚಲು ಕಪ್ಪು ಬಳಿದೆ. ಒಂದು ಕೆನ್ನೆ ಕಪ್ಪಾದ ಮೇಲೆ ಇನ್ನೊಂದನ್ನು ಬಿಡಲಾಗಲಿಲ್ಲ. ಕೆನ್ನೆಗೆ ಹೊಂದಲೆಂದು ಕತ್ತು, ಕತ್ತಿಗೆ ಹೊಂದಲೆಂದು ಹೊಟ್ಟೆ. ಕೊನೆಗೆ ಕುಂಚ ಕೆಳಗಿಟ್ಟು ಎದ್ದೆ. ಗೌಡರಿಗೆ ಗುಲಾಬಿಯನ್ನೇ ಎದುರಿಗೆ ಒಯ್ದು ತೋರಿಸುವುದು, ಸುಳಿಯ ವಿಷಯದಲ್ಲಿ ಅವರ ಮನಸ್ಸು ತಿರುಗಿಸುವುದು. ಬೇರೆ ದಾರಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಟಾಂಗಾ ಬಿಟ್ಟು, ಗುಲಾಬಿಯನ್ನಷ್ಟೇ ಹಗ್ಗ ಹಿಡಿದು ನಡೆಸಿಕೊಂಡು ಹೊರಟೆವು. ಮುಂದೆ ಖಾದರಸಾಬರು, ಹಿಂದೆ ಕಂಕುಳಲ್ಲಿ ಚಿತ್ರದ ಸುರುಳಿ ಹಿಡಿದ ನಾನು, ಪಕ್ಕದಲ್ಲಿ ಮೋತ್ಯಾ. ಗುಲಾಬಿ ಮಾತ್ರ ಹನ್ನೊಂದು ವರ್ಷದ ರೂಢಿ ಬಿಡಲಿಲ್ಲ. ಗಿರಾಕಿ ಏರುತ್ತಿದ್ದ ಪ್ರತಿ ಗಿಡದ ನೆರಳಿಗೂ ನಿಂತಿತು. ಯಾರೋ ಏರಿ ಕುಳಿತರೆಂದು ತನಗೇ ಅನ್ನಿಸುವವರೆಗೆ ಕಾಲು ಕೀಳಲಿಲ್ಲ. ಹುಬ್ಬಳ್ಳಿಯವರೆಗೆ ಇಪ್ಪತ್ತಮೂರು ಸಲ. ಒಂದು ಕಡೆ ಖರೇನೇ ಒಬ್ಬ ಮುದುಕಿ ಗಂಟು ಹಿಡಿದು ಬಂದು, "ಟಾಂಗಾ ಎಲ್ಲೈತೋ ಸಾಬಣ್ಣಾ?" ಎಂದು ಕೇಳಿದಳು. ಖಾದರಸಾಬರು ನನ್ನನ್ನು ನೋಡಿದರು.

ರಾತ್ರಿ ಅಲ್ಲೇ ಖಾದರಸಾಬರ ಅಳಿಯನ ಮನೆಯಲ್ಲಿ ಉಳಿದು, ಭಾನುವಾರ ಮಧ್ಯಾಹ್ನಕ್ಕೆ ಶಿರಗುಪ್ಪಿ ಮುಟ್ಟಿದೆವು. ಗೌಡರು ಕಟ್ಟೆಯ ಮೇಲೆ ಮೊಣಕಾಲಿಗೆ ಎಲೆ ಕಟ್ಟಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಅವರ ತಾಯಿ ಜೋಳ ಹಸನು ಮಾಡುತ್ತಿದ್ದರು.

ನಾನು ಗಂಟಲು ಸರಿಮಾಡಿಕೊಂಡು ಭಾಷಣ ಆರಂಭಿಸಿದೆ. ಸುಳಿ ಎಂಬುದು ಕೂದಲಿನ ಒಂದು ತಿರುವು ಮಾತ್ರ, ವಿದ್ಯಾವಂತರ ಕಾಲವಿದು, ಇಂಥ ನಂಬಿಕೆಗಳಿಂದ ದೇಶ ಮುಂದುವರಿಯದು. ಹದಿನೈದು ನಿಮಿಷ! ಗೌಡರು ಸಮಾಧಾನದಿಂದ ಎಲ್ಲವನ್ನೂ ಕೇಳಿದರು.

"ಖರೇ ಮಾತು ಮಾಸ್ತರ್ರ. ಸುಳ್ಯಾಗ ಏನೂ ಇಲ್ಲ ಅಂತೀರಿ."

"ಏನೇನೂ ಇಲ್ರೀ!"

"ಹಂಗಾದ್ರ ನಂಬರ್ ಯಾಕ ಹಾಕಿದ್ರಿ?"

ಭಾಷಣ ಅಲ್ಲಿಗೆ ಮುಗಿಯಿತು. ಖಾದರಸಾಬರು ಹಗ್ಗ ಸುತ್ತಿಕೊಳ್ಳತೊಡಗಿದರು. "ನಡೀರಿ. ನಾಳೆ ಅಂವ ಬರ್ತಾನ" ಎಂದಾಗ ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ತಡೀಪಾ ತಮ್ಮಾ" ಎಂದು ಗೌಡರ ತಾಯಿ ಮೊರ ಇಟ್ಟು ಎದ್ದು ಬಂದರು. ಗುಲಾಬಿಯ ಮುಖ ಹಿಡಿದು ತಿರುಗಿಸಿ ನೋಡಿದರು. ಚರಿಗೆಯ ನೀರಿನಲ್ಲಿ ಸೆರಗು ಅದ್ದಿ, ಕಣ್ಣಿನ ಕೆಳಗೆ ಮೇಲಿನಿಂದ ಕೆಳಗೆ ನಾಲ್ಕು ಸಲ ಸವರಿದರು. ಕೂದಲು ನೆಟ್ಟಗೆ ಮಲಗಿತು. ಸುಳಿ ಇಲ್ಲ! ಖಾದರಸಾಬರ ಬಾಯಿ ತೆರೆದದ್ದು ತೆರೆದೇ ಇತ್ತು.

ಆಗ ಮೋತ್ಯಾ ಮುಂದೆ ಬಂದ. ಗುಲಾಬಿ ರೂಢಿಯಂತೆ ತಲೆ ತಗ್ಗಿಸಿತು. ಮೋತ್ಯಾ ಅದರ ಎಡಗಣ್ಣಿನ ನೀರನ್ನು ಸುತ್ತು ಹಾಕಿ ಸುತ್ತು ಹಾಕಿ ಪ್ರೀತಿಯಿಂದ ನೆಕ್ಕಿದ. ಎಲ್ಲರ ಎದುರಿಗೆ, ಮಟಮಟ ಮಧ್ಯಾಹ್ನದಲ್ಲಿ, ಆರನೆಯ ಸುಳಿ ತಿರುಗಿ ಹುಟ್ಟಿತು.

"ಈ ನಾಯಿ ದಿನಾ ಹಿಂಗ ಮಾಡತೈತೇನು?" ಎಂದು ಅಜ್ಜಿ ಕೇಳಿದರು.

ನಾನು ದಿನಚರಿ ತೆಗೆದೆ. ಅದರಲ್ಲಿ ಎಲ್ಲವೂ ಇತ್ತು. "ಮೋತ್ಯಾ ಗುಲಾಬಿಯ ಮುಖ ನೆಕ್ಕಿದ್ದು: ಸೋಮವಾರ ಒಂಬತ್ತು ಸಲ, ಮಂಗಳವಾರ ಏಳು, ಬುಧವಾರ ಹನ್ನೊಂದು." ಓದುತ್ತಾ ಓದುತ್ತಾ ನನ್ನ ದನಿ ಸಣ್ಣದಾಯಿತು.

"ಇಷ್ಟೆಲ್ಲಾ ಎಣಿಸಿ ಬರ್ದೀಯಲ್ಲೋ ತಮ್ಮಾ, ಒಮ್ಮೆರ ಒರಸಿ ನೋಡಬಾರದಾಗಿತ್ತ?" ಎಂದರು ಅಜ್ಜಿ. ನಾನು ದಿನಚರಿ ಮುಚ್ಚಿ ಜೇಬಿಗಿಟ್ಟೆ.

ಗೌಡರು ಹೊಟ್ಟೆ ಹಿಡಿದು ನಕ್ಕರು. ಗುಲಾಬಿ ಶಿರಗುಪ್ಪಿಯದಾಯಿತು. ಖಾದರಸಾಬರು ಬಾಯಿಹಗ್ಗವನ್ನು ಗೌಡರ ಕೈಗೆ ಕೊಟ್ಟು, ಅತ್ತ ತಿರುಗಿ ಬಹಳ ಹೊತ್ತು ರುಮಾಲು ಸುತ್ತಿಕೊಂಡರು.

ಹೊರಡುವಾಗ ನಾನು ಮೋತ್ಯಾನನ್ನು ಕರೆದೆ. ಅವನು ಬಾಲ ಅಲ್ಲಾಡಿಸಿದ. ಕರೆದಾಗಲೆಲ್ಲ ಬಾಲ ಅಲ್ಲಾಡಿಸಿದ, ಆದರೆ ಗುಲಾಬಿಯ ಕಾಲ ಬುಡದಿಂದ ಏಳಲಿಲ್ಲ. ಒಂಬತ್ತು ಸಲ ಕರೆದೆ.

"ಇರ್ಲಿ ಬಿಡಪಾ. ಹೊಸಾ ಮನ್ಯಾಗ ಅದಕ್ಕೂ ಒಂದು ಗುರ್ತಿನ ಜೀವ ಬೇಕಲ್ಲ" ಎಂದರು ಅಜ್ಜಿ.

ಪ್ರಾಣಿಪ್ರಿಯನೆಂದು ಹೇಳಿಕೊಂಡ ಮೇಲೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಕುದುರೆಯನ್ನು ಮುಟ್ಟಿಸಲು ಹೋದವನು ನಾಯಿಯನ್ನೂ ಕೊಟ್ಟು ಬಂದೆ. ಚಿತ್ರವನ್ನಾದರೂ ಇಟ್ಟುಕೊಳ್ಳಿರೆಂದು ಗೌಡರನ್ನು ಕೇಳಿದೆ. ಅವರು ಬಿಚ್ಚಿ ನೋಡಿ, ತಿರುಗಿ ಸುತ್ತಿ, ಎರಡೂ ಕೈಯಿಂದ ನನಗೇ ಕೊಟ್ಟರು.

ಹುಬ್ಬಳ್ಳಿಯಿಂದ ಮೋಟಾರು ಬಸ್ಸು ಹತ್ತಿದೆವು. ಖಾದರಸಾಬರಿಗೆ ಅದು ಮೊದಲ ಸಲ. ಅವರು ಹೊರಗಿನ ಗಿಡಗಳನ್ನು ನೋಡುತ್ತಿದ್ದರು. ಬಸ್ಸು ಯಾವ ಗಿಡಕ್ಕೂ ನಿಲ್ಲಲಿಲ್ಲ. ನನ್ನ ತೊಡೆಯ ಮೇಲೆ ಚಿತ್ರ ಅರ್ಧ ಬಿಚ್ಚಿಕೊಂಡಿತ್ತು. ಪಕ್ಕದ ಸೀಟಿನ ರೈತನೊಬ್ಬ ಅದನ್ನು ನೋಡಿದ, ನಮ್ಮಿಬ್ಬರ ಮುಖ ನೋಡಿದ, ಮತ್ತೆ ಅದನ್ನು ನೋಡಿದ.

"ಎಮ್ಮಿ ಕಳಕೊಂಡೀರೇನ್ರೀ?" ಎಂದು ಮೆಲ್ಲಗೆ ಕೇಳಿದ.

ಹೌದೆಂದು ತಲೆ ಆಡಿಸಿದೆ.

"ಪಾಪ. ಎಷ್ಟು ಹಾಲು ಕೊಡತಿತ್ತು?"

ಖಾದರಸಾಬರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ತಿರುಗಿ ನೋಡಿದೆ. ಶುಕ್ರವಾರದಿಂದ ಮುಖ ಗಂಟಿಕ್ಕಿಕೊಂಡಿದ್ದ ಮನುಷ್ಯ ರುಮಾಲು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವರ ನಗು ನಿಲ್ಲಬಾರದೆಂದು ನನಗೆ ಅನ್ನಿಸಿತು. ಜೀವನದಲ್ಲಿ ಮೊದಲ ಬಾರಿಗೆ, ಎಣಿಸದೆ ಅಳೆಯದೆ, ಒಂದು ಅಂಕಿ ಹೇಳಿದೆ.

"ಹೊತ್ತಿಗೆ ಎರಡು ಸೇರು."