ಸೇತುವೆ ಸಾಹೇಬರ ಲೈಸೆನ್ಸ್ ಪರೀಕ್ಷೆ

ನಾನು ಎಂಟನೇ ಕ್ಲಾಸಿನಲ್ಲೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ಬಂದವನು. ಪರೀಕ್ಷೆ ಅನ್ನೋದು ಇನ್ನು ಈ ಜನ್ಮದಲ್ಲಿ ನನ್ನ ತಂಟೆಗೆ ಬರಲ್ಲ ಅಂದುಕೊಂಡು ಊರೂರು ಸುತ್ತಿದೆ. ಆದರೆ ನೋಡಿ, ಸುತ್ತಿ ಸುತ್ತಿ ಲಾಸ್ ಏಂಜಲಿಸ್‌ಗೆ ಬಂದು, ಸ್ಯಾನ್ ಪೀಡ್ರೊ ಬಂದರಿನಿಂದ ಇಂಡಿಯನ್ ಅಂಗಡಿಗಳಿಗೆ ಅಕ್ಕಿ ಬೇಳೆ ಸಾಗಿಸುವ ವ್ಯಾನ್ ಹತ್ತಿದ ಮೇಲೂ ಪರೀಕ್ಷೆ ನನ್ನನ್ನು ಹುಡುಕಿಕೊಂಡು ಬಂತು. ಬರೆಯೋದು ಬೇರೆಯವರು, ಬೆವರೋದು ನಾನು. ಇಂಥದ್ದೆಲ್ಲ ನನಗೇ ಯಾಕೆ ಗಂಟು ಬೀಳುತ್ತೋ ದೇವರಿಗೇ ಗೊತ್ತು.

ಬರೆದವರು ನಮ್ಮ ಸೇತುವೆ ಸಾಹೇಬರು. ಸೆರಿಟೋಸ್‌ನಲ್ಲಿ ನಾನು ರೂಮು ಬಾಡಿಗೆಗೆ ಹಿಡಿದಿರೋ ಮನೆಯ ಯಜಮಾನರು, ಬಾಗಲಕೋಟೆ ಕಡೆಯ ಸಿವಿಲ್ ಎಂಜಿನಿಯರು. ಸೇತುವೆ ಡಿಸೈನ್ ಮಾಡೋದು ಅವರ ಕೆಲಸ. ಆದರೆ ಈ ದೇಶದಲ್ಲಿ ನಕ್ಷೆ ಬರೆದರಷ್ಟೇ ಸಾಲದು. ಅದರ ಮೇಲೆ ಲೈಸೆನ್ಸ್ ಇರೋ ಎಂಜಿನಿಯರ ಸೀಲು ಬೀಳಬೇಕು. ಲೈಸೆನ್ಸ್ ಬೇಕು ಅಂದ್ರೆ ಪರೀಕ್ಷೆ ಪಾಸಾಗಬೇಕು. ಸಾಹೇಬರು ಪಾಸಾಗಿರಲಿಲ್ಲ. ಹಾಗಾಗಿ ಅವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಸೇತುವೆಗಳಿಗೆಲ್ಲ ಆಫೀಸಿನಲ್ಲಿ ಅವರಿಗಿಂತ ಚಿಕ್ಕವನೊಬ್ಬ ಟಪ್ ಅಂತ ಸೀಲು ಒತ್ತಿಬಿಡುತ್ತಿದ್ದ.

"ಕೂಸು ನಂದ್ರೀ," ಅಂತಿದ್ದರು ಸಾಹೇಬರು, "ಬರ್ತ್ ಸರ್ಟಿಫಿಕೇಟಿನಾಗ ಅಪ್ಪನ ಹೆಸರು ಮಾತ್ರ ಅವಂದು."

ಯಾವ ಫ್ಲೈಟಿಗೆ?

ಆಗಿನ್ನೂ ಪರೀಕ್ಷೆ ಕಾಗದದ ಮೇಲಿತ್ತು. ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ಕಾಲ. ಆ ಪರೀಕ್ಷೆಯ ವಿಶೇಷ ಏನಪ್ಪಾ ಅಂದ್ರೆ, ಪುಸ್ತಕ ನೋಡಿಕೊಂಡೇ ಬರೆಯಬಹುದು. ಎಷ್ಟು ಬೇಕಾದರೂ ಒಯ್ಯಬಹುದು. ಕೇಳಿ ನನಗೆ ಹೊಟ್ಟೆ ಉರಿದುಹೋಯಿತು. ಇಂಥ ಸೌಲಭ್ಯ ಇದ್ದಿದ್ದರೆ ನಾನೂ ಒಂಬತ್ತನೇ ಕ್ಲಾಸಿನ ಮುಖ ನೋಡುತ್ತಿದ್ದೆ.

ಸಾಹೇಬರ ಊಟದ ಟೇಬಲ್ ತುಂಬ ಪುಸ್ತಕ. ಪ್ರತಿ ಪುಸ್ತಕದ ಅಂಚಿಗೂ ಕೆಂಪು, ಹಳದಿ, ಹಸಿರು ಚೀಟಿ ಅಂಟಿಸಿದ್ದಕ್ಕೆ ಅವು ನವಿಲಿನ ಹಾಗೆ ಗರಿ ಬಿಚ್ಚಿ ಕೂತಿದ್ದವು. ಮನೆಯವರೆಲ್ಲ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಪರೀಕ್ಷೆಯ ದಿನ ಇಂಡಿಯಾಕ್ಕೆ ಹೋಗುವಾಗ ಒಯ್ಯುವ ದೊಡ್ಡ ಸೂಟ್‌ಕೇಸ್‌ಗಳನ್ನು ಇಳಿಸಿ, ಅಷ್ಟನ್ನೂ ತುಂಬಿ, ನನ್ನ ವ್ಯಾನಿಗೆ ಹಾಕಿದೆವು. ಹಿಡಿಕೆಗೆ ಹಳೇ ಪ್ರಯಾಣದ ಚೀಟಿ ಇನ್ನೂ ನೇತಾಡುತ್ತಿತ್ತು.

ಪರೀಕ್ಷೆ ಹಾಲ್‌ನ ಬಾಗಿಲಲ್ಲಿ ನಿಂತಿದ್ದ ಸೆಕ್ಯೂರಿಟಿಯವನಿಗೆ ನಗು ತಡೆಯಲಾಗಲಿಲ್ಲ. "ಯಾವ ಫ್ಲೈಟಿಗೆ ಸಾರ್?" ಅಂದ.

ಸಾಹೇಬರು ಗಂಭೀರವಾಗಿ ಹೇಳಿದರು: "ನಾನ್‌ಸ್ಟಾಪ್. ಎಂಟು ತಾಸಿಂದು."

ಸಂಜೆ ಹೊರಗೆ ಬಂದಾಗ ಮುಖ ಬಾಡಿತ್ತು. "ಹೇಗಾಯ್ತು ಸಾಹೇಬ್ರೆ?" ಅಂದೆ.

"ಉತ್ತರ ಎಲ್ಲಾ ಇದ್ದೂವ್ರೀ. ಯಾವ ಸೂಟ್‌ಕೇಸಿನಾಗ ಅನ್ನೂದ ತಿಳೀಲಿಲ್ಲ."

ಇನ್ನೊಂದು ಸಲ ಕೂತರು. ಆ ಸಲವೂ ಫ್ಲೈಟ್ ಮಿಸ್ ಆಯಿತು.

ಸಂತಾಪ

ಆಮೇಲೆ ಸುದ್ದಿ ಬಂತು: ಪರೀಕ್ಷೆ ಇನ್ನು ಮುಂದೆ ಕಂಪ್ಯೂಟರಿನಲ್ಲಿ. ಹೊರಗಿನ ಪುಸ್ತಕ ಒಂದೂ ಒಳಗೆ ಬಿಡಲ್ಲ. ಬೇಕಾದ್ದೆಲ್ಲ ಸ್ಕ್ರೀನಿನ ಮೇಲೆ ಅವರೇ ತೋರಿಸುತ್ತಾರೆ, ಹುಡುಕಿಕೋ ಅಷ್ಟೇ.

ಸಾಹೇಬರು ಸೋಫಾದ ಮೇಲೆ ಕೂತವರು ಏಳಲೇ ಇಲ್ಲ. ಅದೇ ಪರೀಕ್ಷೆಗೆ ಓದುತ್ತಿದ್ದ ಸ್ನೇಹಿತರು ಒಬ್ಬೊಬ್ಬರೇ ಮನೆಗೆ ಬಂದರು. ಬಾಗಿಲಲ್ಲಿ ಶೂ ಬಿಚ್ಚಿ, ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂತು, "ಯಾವಾಗ ತಿಳೀತು?" ಅನ್ನೋರು.

"ನಿನ್ನಿ ಸಂಜೀಕ. ಇಮೇಲ್ ಬಂತು."

"ಛೆ. ಎಲ್ಲಾ ಪುಸ್ತಕಕ್ಕೂ ಚೀಟಿ ಹಚ್ಚಿದ್ರೇನ್ರಿ?"

"ಎಲ್ಲಾದಕ್ಕೂ ಹಚ್ಚಿದ್ದೆ."

ಆ ಕಡೆಯಿಂದ ಒಂದು ನಿಟ್ಟುಸಿರು. ಸಾಹೇಬರ ಹೆಂಡತಿ, ನಾನು ವೈನಿ ಅಂತ ಕರೆಯುವವರು, ಎಲ್ಲರಿಗೂ ಚಹಾ ತಂದುಕೊಟ್ಟರು. ಮುಖ ಸಪ್ಪಗೆ ಇಟ್ಟುಕೊಳ್ಳೋಕೆ ಪಾಪ ಎಷ್ಟು ಕಷ್ಟಪಟ್ಟರೂ ಊಟದ ಟೇಬಲ್ ವಾಪಸ್ ಸಿಗುವ ಸಂತೋಷ ತುಟಿಯ ತುದಿಯಲ್ಲಿ ಇಣುಕುತ್ತಿತ್ತು.

ಪುಸ್ತಕ ಮಾರೋಣ ಅಂದ್ರೆ ಊರಿಗೆ ಊರೇ ಮಾರುತ್ತಿದೆ. ಬಿಟ್ಟಿ ಕೊಟ್ಟರೂ ಒಯ್ಯೋರಿಲ್ಲ. ಒಂದು ದಿನ ವ್ಯಾನಿನ ಟೈರು ಬದಲಾಯಿಸುವಾಗ ಗಾಡಿ ಇಳಿಜಾರಿನಲ್ಲಿ ಜಾರುತ್ತಿತ್ತು. ಕೈಗೆ ಸಿಕ್ಕಿದ್ದು ಕಾಂಕ್ರೀಟ್ ಡಿಸೈನಿನ ದಪ್ಪ ಪುಸ್ತಕ. ಚಕ್ರದ ಹಿಂದೆ ತುರುಕಿದೆ. ವ್ಯಾನು ಬಂಡೆ ಹಾಗೆ ನಿಂತಿತು.

ವೈನಿ ಕಿಟಕಿಯಿಂದ ನೋಡಿ ಅಂದರು: "ಇಷ್ಟ್ ವರ್ಷದಾಗ ಆ ಪುಸ್ತಕ ಏನರೆ ಹಿಡದು ನಿಲ್ಲಿಸಿದ್ದು ಇದ ಮೊದಲು."

ಸರ್ಚ್ ಬಾಕ್ಸ್

ಅಷ್ಟರಲ್ಲಿ ಆಫೀಸಿನಲ್ಲಿ ಹೊಸ ಸಂಗತಿ. ಸೇತುವೆ ವಿಭಾಗದ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ. ವರ್ಷದೊಳಗೆ ಲೈಸೆನ್ಸ್ ತಂದರೆ ಆ ಜಾಗ ಸಾಹೇಬರಿಗೆ. ಇಲ್ಲದಿದ್ದರೆ ಸೀಲು ಒತ್ತುವ ಆ ಹುಡುಗನಿಗೆ. ಅಂದ್ರೆ ಇಷ್ಟು ದಿನ ಸೀಲು ಮಾತ್ರ ಅವನದು, ಇನ್ನು ಮೇಲೆ ಬೈಗುಳವೂ ಅವನದೇ.

ಸಾಹೇಬರು ಸೊಂಟ ಕಟ್ಟಿ ಲ್ಯಾಪ್‌ಟಾಪಿನಲ್ಲಿ ಓದೋಕೆ ಕೂತರು. ಆದರೆ ಜನ್ಮವೆಲ್ಲ ಕಾಗದ ತಿರುಗಿಸಿದ ಕೈ ಕೇಳಬೇಕಲ್ಲ. ಬೆರಳನ್ನು ನಾಲಿಗೆಗೆ ಹಚ್ಚೋದು, ಸ್ಕ್ರೀನಿನ ಮೂಲೆ ಸವರೋದು. ಮಗಳು ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತೆ, ಬಾಯಿ ಮಾತ್ರ ಇಂಗ್ಲಿಷು. ಅವಳು ಅಸಹ್ಯಪಟ್ಟು ಕಿರುಚಿದಳು: "ಡ್ಯಾಡ್! ದಟ್ಸ್ ಸೋ ಗ್ರೋಸ್!"

"ಪುಟಾ ತಿರುಗಸಾಕತ್ತೀನವಾ," ಅಂದರು ಸಾಹೇಬರು.

ವೈನಿ ತಲೆ ಓಡಿಸಿ, ಬ್ಯಾಂಕಿನ ಕ್ಯಾಶಿಯರ್ ಮುಂದೆ ಇರುತ್ತಲ್ಲ, ಅಂಥ ಒದ್ದೆ ಸ್ಪಾಂಜಿನ ಬಟ್ಟಲೊಂದನ್ನು ಪಕ್ಕದಲ್ಲಿ ಇಟ್ಟರು. ಕೊನೆಗೂ ಮಗಳೇ ಕೂತು ಹುಡುಕುವ ಡಬ್ಬಿ ಎಲ್ಲಿದೆ, ಏನು ಟೈಪ್ ಮಾಡಬೇಕು ಅಂತ ಕಲಿಸಿದಳು. ಒಂದು ಸಲ ರುಚಿ ಹತ್ತಿದ್ದೇ, ಸಾಹೇಬರಿಗೆ ಕಣ್ಣಿನಿಂದ ಹುಡುಕುವ ಅಭ್ಯಾಸವೇ ತಪ್ಪಿಹೋಯಿತು.

ಒಂದು ಭಾನುವಾರ ವೈನಿ, "ಸಾಸಿವಿ ಡಬ್ಬಿ ಕೊಡ್ರಿ ಇಲ್ಲೆ," ಅಂದರು. ಸಾಹೇಬರು ಕಪಾಟಿನ ಮುಂದೆ ನಿಂತು, "ಇದಕ್ಕೊಂದು ಸರ್ಚ್ ಬಾಕ್ಸ್ ಇಲ್ಲೇನು?" ಅಂದರು.

"ಐತಲ್ರಿ," ಅಂದರು ವೈನಿ. "ಅದನ್ನ ನೀವು ಮದುವಿ ಮಾಡ್ಕೊಂಡೀರಿ."

ಲ್ಯಾಪ್‌ಟಾಪ್ ಪೂಜೆಗೆ ಕೂತಿತು

ಪರೀಕ್ಷೆಗೆ ಕೆಲವೇ ದಿನ ಇದ್ದಾಗ ದಸರಾ ಬಂತು. ವೈನಿಯ ತಾಯಿ, ಮನೆಯಲ್ಲಿ ಎಲ್ಲರಿಗೂ ಅಜ್ಜಿ, ಊರಿಂದ ಬಂದಿದ್ದರು. ಪುಸ್ತಕ ಪೂಜೆಗೆ ಇಟ್ಟರೆ ಮಾರನೇ ದಿನದವರೆಗೆ ಮುಟ್ಟಬಾರದು, ಓದಬಾರದು. ಅದು ಅವರ ಮನೆಯಲ್ಲಿ ಕಟ್ಟುನಿಟ್ಟು. ಸಾಹೇಬರು ಉಪಯೋಗಕ್ಕಿಲ್ಲದ ಪುಸ್ತಕಗಳನ್ನೆಲ್ಲ ಬಹಳ ಭಕ್ತಿಯಿಂದ ತಂದು ಜೋಡಿಸಿದರು.

ಅಜ್ಜಿ ಕೇಳಿದರು: "ಪರೀಕ್ಷಾ ಯಾವುದರಾಗ ಐತಿ?"

"ಕಂಪ್ಯೂಟರಿನಾಗ ಐತ್ರಿ."

"ಮತ್ತ ಅದನ್ನ ತಾ. ಇವನ್ನೇನ್ ಮಾಡ್ಲಿ?"

ಲ್ಯಾಪ್‌ಟಾಪಿಗೆ ವಿಭೂತಿ ಬಂತು, ಕುಂಕುಮ ಬಂತು, ಮೇಲೊಂದು ಚೆಂಡುಹೂ ಕೂತಿತು. ಸಾಹೇಬರು ಸದ್ದಿಲ್ಲದೆ ಫೋನಿನಲ್ಲಿ ಓದೋಕೆ ಹೋದರು. ಅಜ್ಜಿ ನೋಡಿದರು. ಫೋನಿಗೂ ಹೂ ಬಿತ್ತು. ಸಾಹೇಬರು ಮಗಳ ಟ್ಯಾಬ್ಲೆಟ್ ಕಡೆ ಕಣ್ಣು ಹಾಯಿಸಿದರು. ಅದೂ ಪೂಜೆಗೆ ಕೂತಿತು. ಇಡೀ ದಿನ ಸಾಹೇಬರು ಕೈ ಕಟ್ಟಿಕೊಂಡು ದೇವರ ಮುಂದೆ ಕೂತಿದ್ದರು. ಭಕ್ತಿ ಅಂತ ಅಜ್ಜಿ ಖುಷಿಪಟ್ಟರು. ಅಸಲಿಗೆ ಅವರು ನೋಡುತ್ತಿದ್ದುದು ಬ್ಯಾಟರಿ ಎಷ್ಟು ಉಳಿದಿದೆ ಅಂತ.

ಮಾರನೇ ದಿನ ಲ್ಯಾಪ್‌ಟಾಪ್ ತೆಗೆದರೆ ಕೀಲಿಗಳ ಸಂದಿಯಲ್ಲೆಲ್ಲ ಅಕ್ಷತೆ. ಒಂದು ಕೀ ಒತ್ತಿದರೆ ಮೇಲೇಳದು.

"ಬಿಡು," ಅಂದರು ಅಜ್ಜಿ, "ದೇವರು ಆ ಅಕ್ಷರ ಬ್ಯಾಡ ಅಂದಾನ."

ಬಾಗಲಕೋಟೆ ಗಡಿಯಾರ

ಲಾಸ್ ಏಂಜಲಿಸ್ ಸುತ್ತಮುತ್ತ ಎಲ್ಲೂ ಸೀಟು ಇರಲಿಲ್ಲ. ಸಿಕ್ಕಿದ್ದು ಸ್ಯಾನ್ ಡಿಯೇಗೊದ ಒಂದು ಸೆಂಟರಿನಲ್ಲಿ, ಸೋಮವಾರ ಬೆಳಿಗ್ಗೆ ಎಂಟಕ್ಕೆ. ವೈನಿ ಕ್ಯಾಲೆಂಡರ್ ನೋಡಿ ಹೌಹಾರಿದರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ರಾಹುಕಾಲ! ಸೀಟು ಬದಲಿಸೋಣ ಅಂದ್ರೆ ಮುಂದಿನದು ಸಿಗೋ ಹೊತ್ತಿಗೆ ಆ ಹುಡುಗ ಸಾಹೇಬರ ಮೇಲಧಿಕಾರಿಯಾಗಿ ಕೂತಿರುತ್ತಾನೆ.

ಅಜ್ಜಿ ನಿಧಾನಕ್ಕೆ ಕೇಳಿದರು: "ಇಲ್ಲಿ ಮುಂಜಾನೆ ಎಂಟಾದಾಗ ನಮ್ಮೂರಾಗ ಎಷ್ಟು?"

"ರಾತ್ರಿ ಎಂಟೂವರಿ," ಅಂದರು ವೈನಿ.

"ರಾಹುಕಾಲ ಬರದದ್ದು ಯಾವೂರ ಕ್ಯಾಲೆಂಡರಿನಾಗ?"

"ನಮ್ಮೂರಿಂದು. ನೀನ ತಂದೀಯಲ್ಲ."

"ಮತ್ತ? ನಮ್ಮೂರಾಗ ಆಗ ಉಂಡು ಮಲಗೂ ಹೊತ್ತು. ರಾಹೂನೂ ಮಲಗಿರ್ತಾನ. ಹೋಗಿ ಬರ್ಕೊಂಡ್ ಬಾ ತಮ್ಮಾ."

ಬೀಪ್

ಸೋಮವಾರ ನಸುಕಿನಲ್ಲೇ ವ್ಯಾನ್ ಹೊರಟಿತು. ಸಾಹೇಬರ ಜೊತೆ ಈ ಸಲ ಸೂಟ್‌ಕೇಸ್ ಇಲ್ಲ, ಪುಸ್ತಕ ಇಲ್ಲ. ಒಂದು ಕ್ಯಾಲ್ಕುಲೇಟರ್, ಒಂದು ಊಟದ ಡಬ್ಬಿ. ಮೈಮೇಲೆ ಬಟ್ಟೆ ಇಲ್ಲದ ಹಾಗೆ ಅನಿಸುತ್ತಿದೆ ಅಂತ ದಾರಿಯುದ್ದಕ್ಕೂ ಚಡಪಡಿಸಿದರು. ಸ್ಯಾನ್ ಡಿಯೇಗೊ ಹತ್ತಿರ ಟ್ರಾಫಿಕ್ ಸಿಕ್ಕಿ, ಸೆಂಟರ್ ತಲುಪೋ ಹೊತ್ತಿಗೆ ಸಮಯ ಹೆಚ್ಚೇನೂ ಉಳಿದಿರಲಿಲ್ಲ. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ.

ತಪಾಸಣೆ ಮಾಡುವ ಹೆಂಗಸು ಬಹಳ ಮರ್ಯಾದಸ್ಥೆ. ಜೇಬು ಹೊರಗೆಳೆಸಿದಳು, ಕನ್ನಡಕ ತಿರುಗಿಸಿ ನೋಡಿದಳು, ತೋಳು ಮಡಚಿಸಿದಳು. ಆಮೇಲೆ ಲೋಹ ಹುಡುಕುವ ಕೋಲು ಆಡಿಸಿದಳು. ಸೊಂಟದ ಹತ್ತಿರ ಬಂದಾಗ: ಬೀಪ್.

ಸಾಹೇಬರು ಬೆಲ್ಟ್ ಬಿಚ್ಚಿದರು. ಬೀಪ್. ಮತ್ತೊಮ್ಮೆ ಜೇಬು ತಡಕಿದರು. ಬೀಪ್.

"ಅಲ್ಲಿ ಏನಿದೆ ಸಾರ್?" ಅಂದಳು ಆಕೆ.

ಸಾಹೇಬರು ಕೆಂಪಾದರು. ಅಲ್ಲಿದ್ದದ್ದು ಉಡದಾರ. ಚಿಕ್ಕಂದಿನಿಂದ ಸೊಂಟಕ್ಕೆ ಕಟ್ಟಿಕೊಂಡು ಬಂದದ್ದು. ದಾರ ಹೋಗಿ ಮದುವೆಯಲ್ಲಿ ಬೆಳ್ಳಿಯ ಸರ ಆಗಿತ್ತು. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳೋದು? "ಇದು... ಗಂಡಸರ ಸೊಂಟದ ನೆಕ್ಲೇಸು," ಅಂದರು.

ಆಕೆ ಒಂದು ಕ್ಷಣ ಯೋಚನೆ ಮಾಡಿ, "ನೈಸ್," ಅಂದಳು. "ಲಾಕರಿನಲ್ಲಿಟ್ಟು ಬನ್ನಿ. ಬೇಗ, ಬಾಗಿಲು ಮುಚ್ಚುತ್ತೆ. ತಡವಾದರೆ ಗೈರುಹಾಜರಿ."

ಎಲ್ಲರೆದುರು ಅಂಗಿ ಎತ್ತೋಕೆ ನಾಚಿ ಸಾಹೇಬರು ನನ್ನನ್ನು ಎಳೆದುಕೊಂಡು ಪಾರ್ಕಿಂಗಿಗೆ ಓಡಿದರು. ಕೊಕ್ಕೆ ಬಿಚ್ಚೋಕೆ ನೋಡಿದರೆ ಅದು ಬೆಸುಗೆ ಹಾಕಿದ ಹಾಗೆ ಕೂತಿದೆ. ಮದುವೆಯಾದಾಗಿನ ಸೊಂಟ ಬೇರೆ, ಈಗಿನದು ಬೇರೆ. ಕೆಳಗೆ ಜಾರಿಸೋ ಮಾತೇ ಇಲ್ಲ. ವ್ಯಾನಿನಿಂದ ಇಕ್ಕಳ ತಂದೆ. ಅವರು ಅಂಗಿ ಎತ್ತಿ ಹಿಡಿದು, ಹೊಟ್ಟೆ ಒಳಗೆಳೆದು, ಉಸಿರು ಕಟ್ಟಿ ನಿಂತರು. ನಾನು ಮಂಡಿಯೂರಿ ಇಕ್ಕಳ ಹಾಕಿದೆ. ನಾಯಿ ಹಿಡಿದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ ನಾಯಿಯ ಕಣ್ಣು ಮುಚ್ಚಿದಳು.

ಕೊಕ್ಕೆ ಸಡಿಲ ಆಗುತ್ತಿದ್ದ ಹಾಗೇ ಸಾಹೇಬರು ನನ್ನ ಕೈ ಗಟ್ಟಿಯಾಗಿ ಹಿಡಿದರು. "ತಡೀರಿ! ಹೊಸಾದು ಕಟ್ಟಿ ಹಳೇದು ತಗೀಬೇಕು. ಬರೇ ನಡಾ ಇರಬಾರದು."

"ಸಾಹೇಬ್ರೆ, ಬಾಗಿಲು ಮುಚ್ತಾರೆ!"

"ಮುಚ್ಚಲಿ. ಉಡದಾರ ಇಲ್ಲದ ನಡಾ ಹೊತಗೊಂಡು ಒಳಗ ಹೋದ್ರ ಹೆಂಗೂ ನಪಾಸ."

"ಈಗ ಇಲ್ಲಿ ದಾರ ಎಲ್ಲಿಂದ ತರಲಿ?"

ಸಾಹೇಬರು ಸುತ್ತ ನೋಡಿದರು. ಆಮೇಲೆ ಕೆಳಗೆ ನೋಡಿದರು. ನನ್ನ ಶೂ ನೋಡಿದರು. ಅವರದ್ದು ಲೇಸಿಲ್ಲದ ಶೂ.

ಒಂದು ಲೇಸು ಸೊಂಟ ಸುತ್ತೋಕೆ ಸಾಲಲಿಲ್ಲ. ಎರಡನ್ನೂ ಬಿಚ್ಚಿ ಗಂಟು ಹಾಕಿ ಕಟ್ಟಿದೆ. ಬೆಳ್ಳಿ ಹೊರಬಂತು, ಸಾಹೇಬರು ಓಡಿದರು. ಹಿಂದೆಯೇ ಓಡೋಕೆ ಹೋದೆ. ಶೂ ಎರಡೂ ಅಲ್ಲೇ ಉಳಿದವು, ನಾನು ಸಾಕ್ಸಿನಲ್ಲಿ ಮುಂದೆ ಹೋದೆ. ಗಾಜಿನ ಬಾಗಿಲಿಂದ ನೋಡಿದರೆ ಆಕೆ ಕೋಲು ಆಡಿಸುತ್ತಿದ್ದಾಳೆ. ಸೊಂಟದ ಹತ್ತಿರ ಬಂತು. ನಾನು ಗಾಜಿಗೆ ಮೂಗು ಒತ್ತಿದೆ. ಶಬ್ದ ಇಲ್ಲ! ಸಾಹೇಬರು ಒಳಗೆ ಹೋದರು, ಬಾಗಿಲು ಮುಚ್ಚಿತು.

ಮುಂದಿನ ವಾರ ಇಮೇಲ್ ಬಂತು. ನಾನು ಗ್ಯಾರೇಜಿನಲ್ಲಿ ಅಕ್ಕಿ ಮೂಟೆ ಇಳಿಸುತ್ತಿದ್ದೆ. ಒಳಗಿಂದ ವೈನಿ ಕೂಗಿದ ಕೂಗಿಗೆ ಮೂಟೆ ಕಾಲ ಮೇಲೆ ಬಿತ್ತು. ಪಾಸು! ಅಜ್ಜಿ ನನ್ನ ಬಾಯಿಗೂ ಸಕ್ಕರೆ ಹಾಕಿದರು, ಕಾಲಿಗೂ ಅರಿಶಿನ ಹಚ್ಚಿದರು.

ಸಾಹೇಬರು ಈಗ ಸೇತುವೆ ವಿಭಾಗದ ಮುಖ್ಯಸ್ಥರು. ಅವರ ಕೂಸಿಗೆ ಅವರದ್ದೇ ಸೀಲು. ಬೆಳ್ಳಿ ಉಡದಾರ ಡಬ್ಬಿಯಲ್ಲಿದೆ. ಸೊಂಟದಲ್ಲಿ ಇವತ್ತಿಗೂ ನನ್ನ ಲೇಸು. ತೆಗೀರಿ ಅಂದ್ರೆ, "ಕಾಲ್ಗುಣ ಅಲ್ರೀ ಅದು, ಲೇಸಿನ ಗುಣ," ಅಂತಾರೆ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಸುದ್ದಿ ಹರಡಿತು. ಯುಗಾದಿ ಊಟಕ್ಕೆ ಹೋದರೆ ಪರೀಕ್ಷೆಗೆ ಓದುತ್ತಿರೋರು ನನ್ನ ಮುಖ ನೋಡಲ್ಲ, ಮೊದಲು ಕಾಲು ನೋಡುತ್ತಾರೆ. ಕಾರ್ಮೆಲ್ ವ್ಯಾಲಿಯಿಂದ ಮೈಸೂರಿನವರೊಬ್ಬರು ಫೋನ್ ಮಾಡಿ, "ಅಣ್ಣಾ, ನಾನು ಎಲೆಕ್ಟ್ರಿಕಲ್. ಅದಕ್ಕೂ ಇದೇ ಲೇಸು ನಡೆಯುತ್ತಾ, ಬೇರೆ ಬೇಕಾ?" ಅಂದರು. ಎಂಟನೇ ಕ್ಲಾಸಿನವನು ಏನು ಹೇಳಲಿ? ಇದೇ ನಡೆಯುತ್ತೆ ಅಂದೆ. ಅವರೂ ಪಾಸಾಗಿಬಿಟ್ಟರು.

ಆಮೇಲೆ ಶೂ ಹಾಕೋದೇ ಬಿಟ್ಟೆ. ಈಗ ಚಪ್ಪಲಿಯಲ್ಲೇ ವ್ಯಾನ್ ಓಡಿಸುತ್ತೀನಿ. ಮೊನ್ನೆ ಸಾಹೇಬರ ಆಫೀಸಿನ ಹೊಸ ಹುಡುಗನೊಬ್ಬ ಮನೆಗೆ ಬಂದವನು ಬಾಗಿಲಲ್ಲೇ ಬಗ್ಗಿ, ನನ್ನ ಚಪ್ಪಲಿ ಎತ್ತಿಕೊಂಡು ಹಿಂದೆ ಮುಂದೆ ನೋಡಿ, ಬಹಳ ವಿನಯದಿಂದ ಕೇಳಿದ:

"ಅಣ್ಣಾ, ಈ ಬಾರು ನನ್ನ ಸೊಂಟಕ್ಕೆ ಸಾಲುತ್ತಾ?"