ಊರಿನ ಇಗರ್ಜಿಯಿಂದ ಬಾರದ ಕಾಗದ

ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಹಳೆಯ ದಾಖಲೆ ಪುಸ್ತಕ ತೆರೆದ ದಿನ ಯಾರಾದರೊಬ್ಬರ ಮರ್ಯಾದೆ ಹೋಗದೆ ಇರುವುದಿಲ್ಲ. ನಮ್ಮದು ಮಾತ್ರ ಹೋಗಬಾರದಿತ್ತು. ಪುತ್ತೂರಿನಲ್ಲಿ ನಾವು ನಾಲ್ಕು ತಲೆಮಾರಿನವರು. ನಮ್ಮಲ್ಲಿ ಯಾರೂ ಪೂಜೆಗೆ ತಡವಾಗಿ ಹೋದವರಲ್ಲ, ಪ್ರವಚನದ ಮಧ್ಯೆ ಎದ್ದು ಹೊರಗೆ ಬಂದವರಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಅಕ್ಷರ ದುಂಡಗೆ. ಆದ್ದರಿಂದ ಪಾದ್ರಿಗಳು ಕಾಗದಪತ್ರದ ಕೆಲಸವನ್ನು ನನಗೆ ಒಪ್ಪಿಸಿದ್ದರು. ಬಂದವರೆಲ್ಲ ನನ್ನನ್ನು ಬಾಯಮ್ಮ ಎಂದು ಕರೆಯುತ್ತಿದ್ದರು.

ಆಗ ತಿರುವಾಂಕೂರಿನಿಂದ ಬಂದ ಕ್ರೈಸ್ತರು ಕಡಬ, ಸುಳ್ಯದ ಕಡೆ ಗುಡ್ಡ ಕಡಿದು ರಬ್ಬರ್ ಹಾಕುತ್ತಿದ್ದರು. ಅವರಲ್ಲಿ ಮದುವೆ ನಡೆಯಬೇಕಾದರೆ ಹುಟ್ಟೂರಿನ ಇಗರ್ಜಿಯಿಂದ ಕಾಗದ ಬರಬೇಕು: ಇವನು ಇಂಥವರ ಮಗ, ಇಲ್ಲಿ ಜ್ಞಾನಸ್ನಾನವಾಗಿದೆ, ಬೇರೆ ಹೆಂಡತಿ ಇಲ್ಲ. ಕಾಗದವಿಲ್ಲದೆ ಮದುವೆ ಇಲ್ಲ. ಈ ನಿಯಮವನ್ನು ನಾನು ಯಾರಿಗೂ ಸಡಿಲಿಸಿದವಳಲ್ಲ. ಕೊನೆಗೆ ನನ್ನ ತಮ್ಮನ ಮಗಳ ಮದುವೆಗೆ ತಡೆ ಬಿದ್ದದ್ದೂ ಅದರಿಂದಲೇ.

ಉದ್ದದವ

ಕಡಬದ ಒಬ್ಬರಿಗೆ ತಮ್ಮ ಅಪ್ಪನ ಜ್ಞಾನಸ್ನಾನದ ದಾಖಲೆ ಬೇಕಿತ್ತು. ಅವರ ಹುಟ್ಟೂರಿನ ಪಾದ್ರಿಗಳು ಉತ್ತರ ಬರೆದರು: ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದು ಇಲ್ಲಿಯ ಪದ್ಧತಿ, ಆ ಮನೆತನದಲ್ಲಿ ಅದೇ ಹೆಸರಿನವರು ಏಳು ಜನ, ನಿಮಗೆ ಯಾರು ಬೇಕು?

"ನಿಮ್ಮ ಅಪ್ಪ ಯಾರೂಂತ ಸರಿಯಾಗಿ ಹೇಳಿ," ಎಂದೆ.

"ಉದ್ದದವ, ಬಾಯಮ್ಮ. ದೊಡ್ಡ ಮೀಸೆ ಉಂಟು."

"ಜ್ಞಾನಸ್ನಾನ ಆಗುವಾಗ ಅವರಿಗೆ ಎಂಟು ದಿನ."

ಅವರು ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಮೀಸೆ ಬೇಡ. ಉದ್ದ ಅಂತ ಮಾತ್ರ ಬರೀರಿ."

ತೀರಿಹೋದ ಮದುಮಗ

ಕಲ್ಲುಗುಂಡಿಯ ಒಬ್ಬ ಮದುಮಗನ ಬಗ್ಗೆ ಅವನ ಹುಟ್ಟೂರಿನಿಂದ ಬಂದ ಉತ್ತರ: ಈ ಮನುಷ್ಯ ಗುಡ್ಡ ಕಡಿಯಲು ಹೋದಲ್ಲಿ ಮಲೇರಿಯಾದಿಂದ ತೀರಿಹೋಗಿದ್ದಾನೆ, ಅವನ ಆತ್ಮಕ್ಕೆ ವರ್ಷ ವರ್ಷ ಪೂಜೆ ನಡೆಯುತ್ತಿದೆ.

ತೀರಿಹೋದವನು ನನ್ನೆದುರು ಕೂತು ಕೇಳಿದ. "ಪೂಜೆ ಯಾರು ಮಾಡಿಸುದು?"

"ನಿಮ್ಮ ಅಣ್ಣ."

"ಅಣ್ಣನಾ! ನಾನು ಅಲ್ಲಿರುವಾಗ ಒಂದು ಬೀಡಿ ಕೊಟ್ಟ ಜನ ಅಲ್ಲ ಅದು."

"ಬದುಕಿದ್ದೀರಿ ಅಂತ ಬರೆಯುತ್ತೇನೆ."

"ಮದುವೆ ಆಗುವ ತನಕ ಸಾಕು ಬಾಯಮ್ಮ. ಆಮೇಲೆ ಸತ್ತಿದ್ದಾನೆ ಅಂತಲೇ ಇರಲಿ. ಪೂಜೆ ನಿಲ್ಲುದು ಬೇಡ."

ನಮ್ಮದು

ತಮ್ಮನ ಮಗಳಿಗೆ ಸುಳ್ಯದ ಹುಡುಗ ನಿಶ್ಚಯವಾಗಿದ್ದ. ಎರಡೂ ಮನೆಯವರು ಮೂಲದಲ್ಲಿ ಮಂಗಳೂರು ಕಡೆಯವರಾದ್ದರಿಂದ, ರಕ್ತಸಂಬಂಧ ಇಲ್ಲವೆಂದು ತೋರಿಸಲು ಹಿಂದಿನ ದಾಖಲೆ ಬೇಕೆಂದರು ಪಾದ್ರಿಗಳು. ಸಂತೋಷ, ಎಂದೆ. ನಾನೇ ಪುಸ್ತಕ ತಂದು ಪಾದ್ರಿಗಳ ಮುಂದಿಟ್ಟೆ.

ಪಾದ್ರಿಗಳು ನನ್ನ ಮುತ್ತಜ್ಜನ ಹೆಸರು ಹುಡುಕಿ ಓದಿದರು: "ಹೊರಗಿನಿಂದ ಬಂದವರು. ಊರಿನ ಇಗರ್ಜಿಯ ಕಾಗದ ತಂದಿಲ್ಲ. ಬರುವ ತನಕ ತಾತ್ಕಾಲಿಕವಾಗಿ ಸೇರಿಸಿಕೊಳ್ಳಲಾಗಿದೆ."

ಪುಟ ತಿರುಗಿಸಿದರು. ಕಾಗದ ಬಂದಿರಲಿಲ್ಲ. ಮುತ್ತಜ್ಜ, ಅಜ್ಜ, ಅಪ್ಪ, ನಾನು, ಎಲ್ಲರೂ ತಾತ್ಕಾಲಿಕ.

"ಕಾಗದ ಇಲ್ಲದೆ ಮದುವೆ ಇಲ್ಲ," ಎಂದರು ಪಾದ್ರಿಗಳು. "ನೀವೇ ಅಲ್ವಾ ಹೇಳುದು?"

ಬಾಗಿಲ ಬಳಿಯ ಬೆಂಚಿನಲ್ಲಿ ಕಡಬದ ಇನ್ನೊಬ್ಬ ರೈತ ಕೂತಿದ್ದ. ಕಾಗದ ಸರಿಯಿಲ್ಲವೆಂದು ಅವನನ್ನು ನಾನು ಮೂರು ಸಲ ಹಿಂದೆ ಕಳಿಸಿದ್ದೆ. ಅವನು ಸರಿದು ಜಾಗ ಮಾಡಿದ.

"ಬನ್ನಿ ಬಾಯಮ್ಮ, ಕೂತ್ಕೊಳ್ಳಿ. ನಂದು ಬರ್ಲಿಕ್ಕೆ ನಾಲ್ಕು ತಿಂಗಳು ಹಿಡೀತು. ನಿಮ್ದು ನಾಲ್ಕು ತಲೆಮಾರು ಆಯ್ತಲ್ಲ, ಇನ್ನು ಬಂದೇ ಬರ್ತದೆ."

ಮೂಲದ ಇಗರ್ಜಿಗೆ ಆ ದಿನವೇ ಬರೆದೆ. ಮೂರು ತಿಂಗಳಿಗೆ ಮುತ್ತಜ್ಜನ ಕಾಗದವೇ ಬಂತು. ಆ ಕಾಲದಲ್ಲೇ ಬರೆದು, ಸಹಿ ಮಾಡಿ, ಅಲ್ಲಿಯ ಪುಸ್ತಕದ ಒಳಗೆ ಇಟ್ಟದ್ದು. ಜೊತೆಗೆ ಒಂದು ಸಾಲು: "ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ."

ಮದುವೆ ನಡೆಯಿತು, ಮೂರು ತಿಂಗಳು ತಡವಾಗಿ. ಆದರೆ ಸಿದ್ಧವಾದ ಕಾಗದವನ್ನು ಕಳಿಸದೆ ಇಟ್ಟುಕೊಂಡದ್ದು ನಮ್ಮ ತಪ್ಪಲ್ಲ. ಆ ಇಗರ್ಜಿಯವರು ನಮ್ಮ ನಾಲ್ಕು ತಲೆಮಾರಿಗೆ ಬರವಣಿಗೆಯಲ್ಲಿ ಕ್ಷಮೆ ಕೇಳಬೇಕು. ಅಂಚೆಯಲ್ಲಿ ಕಳಿಸಲಿ. ತರಲು ನಾವು ಹೋಗುವುದಿಲ್ಲ.