ಇಪ್ಪತ್ತು ಕಿಲೋ ಸೇವೆ

ಸೇವೆ ಎಂಬುದು ಹಗುರವಾದ ಪದಾರ್ಥವೆಂದು ನಾನು ಬಹಳ ಕಾಲ ನಂಬಿದ್ದೆ. ಅದಕ್ಕೂ ಕಿಲೋ ಲೆಕ್ಕದಲ್ಲಿ ತೂಕವಿದೆ, ಆ ತೂಕ ಇಪ್ಪತ್ತನ್ನು ಮೀರಕೂಡದು ಎಂಬ ಜ್ಞಾನೋದಯವಾದದ್ದು ವಿಮಾನದ ಟಿಕೆಟ್ಟು ಕೈಗೆ ಬಂದ ಮೇಲೆ. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ವೈದ್ಯಕೀಯದ ಕೊನೆಯ ವರ್ಷದಲ್ಲಿದ್ದೆ. ನಮ್ಮ ಕ್ರೈಸ್ತ ವಿದ್ಯಾರ್ಥಿಗಳ ಬಳಗ ರಜೆಯಲ್ಲಿ ಆಫ್ರಿಕಾದ ಒಂದು ಹಳ್ಳಿಯ ಆಸ್ಪತ್ರೆಗೆ ಮೂರು ವಾರ ಕೈಜೋಡಿಸಲು ಹೊರಟಿತ್ತು. ಹೊರಡುವವರಲ್ಲಿ ನಾನೂ ಒಬ್ಬನೆಂಬ ಸುದ್ದಿ ನಿಪ್ಪಾಣಿಯ ನಮ್ಮ ಓಣಿಗೆ ಮುಟ್ಟಿದಾಗ, ರಾಯಬಾಗದ ಆಚೆ ಎಂದೂ ಕಾಲಿಡದ ನಮ್ಮವ್ವ ಕೇಳಿದ್ದು ಒಂದೇ ಪ್ರಶ್ನೆ: "ಯಾಕ, ಇಲ್ಲಿ ಜಡ್ಡಿನವರು ತೀರಿ ಹೋಗ್ಯಾರೇನು?" ನಾನು ಪಠ್ಯಪುಸ್ತಕದ ಭಾಷೆಯಲ್ಲಿ ಏನೋ ವಿವರಿಸಹೊರಟೆ. ಅವ್ವನೇ ಕನಿಕರಪಟ್ಟು, "ಹೋಗು, ಬ್ಯಾಡನ್ನೂದಿಲ್ಲ. ಹೋಗೂಕಿಂತ ಮುಂಚೆ ಆಜೂಬಾಜೂದವರ ಮೊಣಕಾಲ ನೋಡಿ ಹೋಗು" ಎಂದಳು. ಹೀಗಾಗಿ ನನ್ನ ವಿದೇಶ ಸೇವೆ ನಮ್ಮ ಕಟ್ಟೆಯ ಮೇಲೆಯೇ ಆರಂಭವಾಯಿತು. ನೋಡಿದ ಮೊಣಕಾಲುಗಳಲ್ಲಿ ಒಂದೂ ಗುಣವಾಗಲಿಲ್ಲ. ಅವರು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲವೆಂಬುದು ಅವರ ದೊಡ್ಡತನ.

ಆಫ್ರಿಕಾದ ಆಸ್ಪತ್ರೆಯಲ್ಲಿ ಬ್ಯಾಂಡೇಜಿಗೆ ಬಹಳ ಕೊರತೆ, ಹಳೆಯ ಅರಿವೆಯಿಂದ ಮಾಡಿ ತರಬೇಕು ಎಂದು ತಂಡದ ಮುಖಂಡರು ಹೇಳಿದ್ದರು. ನಮ್ಮ ಸಭಾಪಾಲಕರು ಭಾನುವಾರದ ಆರಾಧನೆ ಮುಗಿದ ಮೇಲೆ ಇದನ್ನು ಸಾರಿದರು. ಅಲ್ಲಿ ಕೂತಿದ್ದ ಹೆಂಗಸರಲ್ಲಿ ಬಹುಪಾಲು ಮನೆಯಲ್ಲಿ ಬೀಡಿ ಸುತ್ತುವವರು. ಅವರಿಗೆ ಸುತ್ತಿರಿ ಎಂದು ಹೇಳಿದರೆ ಸಾಕಲ್ಲ. ಧೋತರಗಳು ಕುದಿನೀರು ಕಂಡವು, ಬಿಸಿಲು ಕಂಡವು, ಪಟ್ಟಿ ಪಟ್ಟಿಯಾಗಿ ಹರಿದವು. ಅವರ ನಾಯಕಿ ಮಾರ್ಥವ್ವ, ಮಾತಿನಲ್ಲೂ ಕೈಯಲ್ಲೂ ಒಂದೇ ವೇಗದವಳು. ಅವಳ ಪಡಸಾಲೆಯಲ್ಲಿ ಬ್ಯಾಂಡೇಜುಗಳು ಬೀಡಿಯಂತೆಯೇ ಬಿಗಿಯಾಗಿ ಸುತ್ತಿಕೊಂಡು, ತುದಿ ಒಳಗೆ ಮಡಚಿಕೊಂಡು, ದಾರ ಕಟ್ಟಿಸಿಕೊಂಡು ಕಟ್ಟು ಕಟ್ಟಾಗಿ ಕೂತವು. ತಂಬಾಕಿನ ಘಾಟೂ ಸ್ವಲ್ಪ ಬಂದಿತ್ತು, ಆದರೆ ಅದು ನಿಪ್ಪಾಣಿಯಲ್ಲಿ ಅನ್ನಕ್ಕೂ ಇರುತ್ತದೆ. ಭಾವೀ ವೈದ್ಯನೆಂಬ ಹಕ್ಕಿನಿಂದ ನಾನೂ ಒಂದನ್ನು ಸುತ್ತಿ ಕೊಟ್ಟೆ. ಮಾರ್ಥವ್ವ ಎರಡು ಬೆರಳಲ್ಲಿ ಅಮುಕಿ ನೋಡಿ, "ಇದು ಛಾಟ್ ಐತ್ರಿ ಡಾಕ್ಟರ್" ಎಂದು ಮೂಲೆಗೆ ಎಸೆದಳು. ಗುತ್ತಿಗೆದಾರ ಸಡಿಲ ಬೀಡಿಯನ್ನು ತೆಗೆದೊಗೆಯುವಾಗ ಹೇಳುವ ಮಾತು ಅದು. ದಿನಾ ಅವಳ ಕಿವಿಗೆ ಬೀಳುವಂಥದ್ದು. ಅಂದು ಅವಳೇ ಅದನ್ನು ಇನ್ನೊಬ್ಬರಿಗೆ ಹೇಳಿದ ಸಂತೋಷಕ್ಕೆ ಪಡಸಾಲೆಯೆಲ್ಲ ನಕ್ಕಿತು.

ನಗು ಮುಗಿದ ಮೇಲೆ ಅವಳು ದನಿ ಇಳಿಸಿ ಹೇಳಿದಳು: "ತಮ್ಮಾ, ಒಂದ ಕಟ್ಟೂ ವಾಪಸ್ ಬರಬಾರದು ನೋಡು. ನಮ್ಮ ಮಾಲು ಯಾವಾಗ್ಲೂ ಅರ್ಧ ವಾಪಸ್ ಬರ್ತೈತಿ. ಇದ ಒಂದ ಸಲ ಪೂರ್ತಿ ಹೋಗಿ ಮುಟ್ಲಿ." ನಾನು ಎದೆಯ ಮೇಲೆ ಕೈಯಿಟ್ಟು ಒಪ್ಪಿದೆ. ಸೂಟ್‌ಕೇಸಿನ ಗಾತ್ರ ಎಷ್ಟೆಂದು ಆಗ ನನಗೆ ನೆನಪಿರಲಿಲ್ಲ.

ಸೂಟ್‌ಕೇಸಿನ ತಳದಲ್ಲಿ ಅದಾಗಲೇ ವೈದ್ಯಕೀಯದ ಎರಡು ಮಹಾಗ್ರಂಥಗಳು ಪವಡಿಸಿದ್ದವು. ಪರೀಕ್ಷೆಗಿಂತ ಹೆಚ್ಚಾಗಿ ದಿಂಬಿಗೆ ಉಪಯೋಗವಾದಂಥವು. ಪರದೇಶದ ರೋಗಿ ಏನಾದರೂ ಕೇಳಿದರೆ ಪರದೆಯ ಹಿಂದೆ ಹೋಗಿ ನೋಡಿಕೊಂಡು ಬರುವ ಘನವಾದ ಉದ್ದೇಶ ನನ್ನದು. ಅವುಗಳ ಮೇಲೆ ಹೊಸ ಕರಿ ಕೋಟು, ಕೋಟಿನ ಮೇಲೆ ಅವ್ವನ ಕಟಕ ರೊಟ್ಟಿ, ಶೇಂಗಾ ಚಟ್ನಿ, ಇವೆಲ್ಲದರ ಸಂದಿಯಲ್ಲಿ ಮಾರ್ಥವ್ವನ ಕಟ್ಟುಗಳು. ಇಪ್ಪತ್ತು ಕಿಲೋ ಆಯಿತೋ ಮೀರಿತೋ ಎಂಬ ಸಂಶಯ ಬಂದಾಗ ಯಾಕೋಬ ಕಾಕಾ ಮುಂದೆ ಬಂದರು. ಕಾಕಾ ನನ್ನ ತಂದೆಯ ತಮ್ಮ, ಸಭೆಯ ಹಿರಿಯರು, ತಂಬಾಕಿನ ವಖಾರಿಯಲ್ಲಿ ತೂಕ ಮಾಡುವವರು. ಪ್ರಾರ್ಥನೆಯನ್ನು ಕನ್ನಡದಲ್ಲೂ ತೂಕವನ್ನು ಮರಾಠಿಯಲ್ಲೂ ಮಾಡುತ್ತಿದ್ದರು. ಸಭಾಪಾಲಕರು ಮೋಸದ ತಕ್ಕಡಿಯ ವಿಷಯವಾಗಿ ಉಪದೇಶ ಮಾಡಿದ ಭಾನುವಾರ ಕಣ್ಣು ಮುಚ್ಚಿ ಕೇಳುತ್ತಿದ್ದರು. ಸೂಟ್‌ಕೇಸನ್ನು ವಖಾರಿಯ ಕಾಟಾದ ಮೇಲಿಟ್ಟು, ಬಟ್ಟು ಸರಿಸಿ, "ವೀಸ. ಬರೋಬರ್ ವೀಸ" ಎಂದು ಮರಾಠಿಯಲ್ಲಿ ಇಪ್ಪತ್ತರ ತೀರ್ಪು ಕೊಟ್ಟರು. ನಾನು ನಿಶ್ಚಿಂತನಾಗಿ ಮೇಲೊಂದು ಹಗ್ಗ ಬಿಗಿದೆ.

ಬೀಳ್ಕೊಡುವವರಿಗೂ ಚೀಟಿ ಕೊಟ್ಟು ಒಳಗೆ ಬಿಡುತ್ತಿದ್ದ ಕಾಲವಾದ್ದರಿಂದ ಮುಂಬಯಿ ವಿಮಾನ ನಿಲ್ದಾಣದ ಕಾಟಾದ ತನಕ ಕಾಕಾ ಬಂದರು. ಮುಳ್ಳು ಇಪ್ಪತ್ತನ್ನು ದಾಟಿ ಸಾಕಷ್ಟು ದೂರ ಹೋಗಿ ನಿಂತಿತು. ನಾನು ಕಾಕಾನ ಮುಖ ನೋಡಿದೆ. ಅವರು ಕಿಂಚಿತ್ತೂ ಗಾಬರಿಯಾಗದೆ ಗುಮಾಸ್ತನತ್ತ ಬಾಗಿ, "ಸಾಬ್, ಸೂಟ್ ತೋ ಕಾಟೋ" ಎಂದು ಸೂಟು ಕಳೆಯಲು ಹೇಳಿದರು. ಆಗ ನನಗೆ ಬೆಳಕು ಹರಿಯಿತು. ರೈತನ ತಂಬಾಕು ತೂಗುವಾಗ ಚೀಲದ್ದು, ಧೂಳಿನದ್ದು, ತೇವದ್ದು ಎಂದು ವ್ಯಾಪಾರಿ ಒಂದಿಷ್ಟು ಕಳೆದು ಬರೆಯುವ ಪದ್ಧತಿಗೆ ಸೂಟು ಎನ್ನುತ್ತಾರೆ. ಜೀವಮಾನವಿಡೀ ಸೂಟು ಕಳೆದ ಕೈ ನನ್ನ ಸೂಟ್‌ಕೇಸಿಗೂ ಭೇದ ಮಾಡದೆ, ವಖಾರಿಯಲ್ಲಿ ಕಳೆದೇ ವೀಸ ಎಂದಿತ್ತು. ಪೆಟ್ಟಿಗೆಯ ಸ್ವಂತ ತೂಕವನ್ನು ಬಿಡಬೇಕು, ಮುಂಬಯಿಯ ಹವೆಯಲ್ಲಿ ತೇವ ಜಾಸ್ತಿ, ಅದೂ ಒಳಗೆ ಇಳಿದಿರುತ್ತದೆ ಎಂದು ಕಾಕಾ ಗುಮಾಸ್ತನಿಗೆ ಶಾಂತವಾಗಿ ಬೋಧಿಸಿದರು. ಗುಮಾಸ್ತ ಅಷ್ಟೇ ಶಾಂತವಾಗಿ, ತೆಗೆಯುವುದನ್ನು ತೆಗೆದು ಬನ್ನಿ ಎಂದ.

ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದೆ. ನನ್ನ ಕೈ ಮೊದಲು ಹೋದದ್ದು ಬ್ಯಾಂಡೇಜಿನ ಕಟ್ಟುಗಳಿಗೆ. ಕಾಕಾ ಮಣಿಕಟ್ಟು ಹಿಡಿದರು.

"ಅವನ್ನ ನನ್ನ ಕೈಯಾಗ ವಾಪಸ್ ಕಳಿಸಿದ್ರ ಮಾರ್ಥವ್ವನ ಮುಂದ ನಾ ಹ್ಯಾಂಗ ನಿಲ್ಲಲಿ? ಬುಕ್ಕ ತಗೀ."

"ಬುಕ್ಕ ಬೇಕ ಕಾಕಾ."

"ಓದೀ ಇಲ್ಲೋ?"

"ಓದೀನಿ."

"ಮತ್ತ ತಲ್ಯಾಗ ಐತಲ್ಲಲೇ. ಅದನ್ನ ಎರಡೆರಡು ಸಲ ಯಾಕ ಹೊರ್ತಿ?"

ಸತ್ಯ ಹೇಳುವುದಕ್ಕೆ ಅದು ತಕ್ಕ ಸ್ಥಳವಾಗಿರಲಿಲ್ಲ. ಹಿಂದೆ ಸಾಲು ಬೆಳೆದಿತ್ತು. ಎರಡೂ ಗ್ರಂಥಗಳು ಕಾಕಾನ ಚೀಲ ಸೇರಿ ನಿಪ್ಪಾಣಿಯ ಬಸ್ಸು ಹತ್ತಿದವು. ನಾನು ಕರಿ ಕೋಟನ್ನು ತೊಟ್ಟು, ಜೇಬುಗಳಲ್ಲಿ ಚಟ್ನಿ ತುಂಬಿಕೊಂಡು, ಜ್ಞಾನದ ಭಾರವಿಲ್ಲದೆ ಆಫ್ರಿಕಾಕ್ಕೆ ಹಾರಿದೆ. ಅಲ್ಲಿನ ಹಿರಿಯ ನರ್ಸಮ್ಮ ಮೊದಲ ದಿನವೇ ನನ್ನ ವಿದ್ವತ್ತನ್ನು ಅಳೆದು ಗಾಯ ಕಟ್ಟುವ ಕೋಣೆಗೆ ಕಳಿಸಿದಳು. ಮೂರು ವಾರವೂ ಬ್ಯಾಂಡೇಜು ಬಿಚ್ಚಿ ಸುತ್ತುವುದೇ ನನ್ನ ಕೆಲಸ. ಮಾರ್ಥವ್ವನ ಕಟ್ಟುಗಳಲ್ಲಿ ಒಂದೂ ಉಳಿಯಲಿಲ್ಲ.

ಮರಳಿದ ಭಾನುವಾರ ಸಭೆಯ ಮುಂದೆ ಸೇವೆಯ ಅನುಭವವನ್ನು ಸಾಕ್ಷಿಯಾಗಿ ಹೇಳಲು ನನ್ನನ್ನು ನಿಲ್ಲಿಸಿದರು. ಮಾತು ನನ್ನ ಕೈಮೀರಿತು. ರೋಗಿಗಳು ನೂರಾರಾದರು, ಸಣ್ಣ ಹುಣ್ಣುಗಳು ಪ್ರಾಣಾಪಾಯಕ್ಕೇರಿದವು, ಗುಡ್ಡದಾಚೆಯಿಂದ ಜನ ನನ್ನನ್ನೇ ಹುಡುಕಿಕೊಂಡು ಬಂದರು. ಕಾಕಾ ಮುಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೇಳಿದರು. ಹೊರಗೆ ಬಂದಾಗ ಹೆಗಲ ಮೇಲೆ ಕೈಯಿಟ್ಟು, "ಚೊಲೋ ಹೇಳಿದಿ. ಸೂಟ ತಗದ್ರೂ ಅರ್ಧಾ ಉಳಿತೈತಿ" ಎಂದರು.

ಈ ಬರಹದಲ್ಲೂ ಧೂಳಿನದ್ದು, ತೇವದ್ದು ಎಂದು ಓದುಗರು ಒಂದಿಷ್ಟು ಕಳೆದುಕೊಂಡರೆ ನನ್ನ ತಕರಾರಿಲ್ಲ. ಕಟ್ಟುಗಳ ವಿಷಯದಲ್ಲಿ ಮಾತ್ರ ಏನನ್ನೂ ಕಳೆಯಬೇಡಿ. ಅವು ಪೂರ್ತಿ ಹೋಗಿ ಮುಟ್ಟಿವೆ. ಆ ಸಲ ಆಫ್ರಿಕಾ ತನಕ ಹೋಗಿ ವಾಪಸ್ ಬಂದ ಮಾಲು ನಾನೊಬ್ಬನೇ.